ಯಾರು ಸತ್ತರು ಎಂದು ಕೇಳಿದ ಊರು

ವಿಜಯಪುರ
9 ಫೆಬ್ರವರಿ 2025

ಮುನಿರಾಜಣ್ಣನಿಗೆ,

ನಾನು ಅಶ್ವತ್ಥಮ್ಮ. ನಿನ್ನ ತಂಗಿ. ಇದನ್ನೂ ಬರೆದು ತಿಳಿಸಬೇಕಾಗಿ ಬಂತಲ್ಲ ಅಂತ ನನಗೇ ನಾಚಿಕೆ. ಒಂಬತ್ತು ವರ್ಷದ ಹಿಂದೆ ಅವ್ವನ ಮಣ್ಣಿನ ಮೇಲೆ ಕೈಯಿಟ್ಟು, ಇವನ ಜೊತೆ ಇನ್ನು ಮಾತಾಡಲ್ಲ ಅಂದಿದ್ದೆ. ಆ ಮಾತು ಹಾಗೇ ಇದೆ. ಕಾಗದ ಬರೆಯಲ್ಲ ಅಂತ ಹೇಳಿರಲಿಲ್ಲ. ನನಗೆ ಅಕ್ಷರ ಕಲಿಸಿದವನು ನೀನೇ, ಅನುಭವಿಸು.

ನಾನು ಕೂಲಿಗೆ ಹೋಗೋದು ರೇಷ್ಮೆ ನೂಲು ಬಿಚ್ಚೋ ಕಡೆ. ಅಲ್ಲಿ ಭಾನುಪ್ರಿಯಾ ಅಂತ ಒಬ್ಬಳಿದ್ದಾಳೆ. ನಿನ್ನೆ ಫೋನು ಹಿಡ್ಕೊಂಡು ಬಂದು, "ಅಶ್ವತ್ಥಕ್ಕ, ದಾಬಸ್‌ಪೇಟೆ ಹತ್ರ ಕೋಡಿಗಲ್ಲು ಬೆಟ್ಟ ಅಂದ್ರೆ ನಿಮ್ಮೂರೇ ಅಲ್ವಾ, ನೋಡಿ ಹೆಂಗೆ ಉರೀತಿದೆ" ಅಂದಳು. ನೋಡಿದೆ. ಆಕಾಶವೆಲ್ಲ ಕೆಂಪಗೆ, ತೆಂಗಿನಮರದುದ್ದ ಬೆಂಕಿ, ಜನ ಕಾರು ಹತ್ತಿ ಓಡ್ತಿದ್ದಾರೆ. ಗೂಡು ಬೇಯೋ ಬಿಸಿನೀರಲ್ಲಿ ನನ್ನ ಕೈ ಇತ್ತು. ತೆಗೆಯೋದು ಮರೆತೆ. ಬೆರಳ ತುದಿ ಬೊಬ್ಬೆ ಎದ್ದಿದೆ. ಅಕ್ಷರ ಸೊಟ್ಟ ಇದ್ದರೆ ಅದಕ್ಕೆ.

ಬದುಕಿದ್ದೀಯೋ ಇಲ್ಲವೋ ತಿಳಿಸು. ಒಂದು ಸಾಲು ಸಾಕು.

ಅಶ್ವತ್ಥಮ್ಮ


ಕೋಡಿಗಲ್ಲುಪಾಳ್ಯ
15 ಫೆಬ್ರವರಿ 2025

ತಂಗಿ ಅಶ್ವತ್ಥಮ್ಮನಿಗೆ ಮುನಿರಾಜ ಬರೆಯುವುದು.

ಬದುಕಿದ್ದೀನಿ. ಒಂದು ಸಾಲು ಸಾಕು ಅಂದೆ. ಆದರೆ ಇನ್‌ಲ್ಯಾಂಡ್ ಲೆಟರು ತರೋಕೆ ದಾಬಸ್‌ಪೇಟೆವರೆಗೂ ನಡೆದಿದ್ದೀನಿ, ಪೂರ್ತಿ ತುಂಬಿಸಿಯೇ ಕಳಿಸ್ತೀನಿ.

ಆ ವಿಡಿಯೋ ಇಲ್ಲಿಗೂ ಬಂದಿತ್ತು. ಅದು ಯಾವ ದೇಶದ್ದೋ. ನಮ್ಮ ಬೆಟ್ಟದಲ್ಲಿ ಅಷ್ಟೊಂದು ಮರ ಇದ್ದಿದ್ದರೆ ಅವ್ವ, ನೀನು ಸೌದೆಪುಳ್ಳೆಗೆ ಅಂತ ಎರಡು ಮೈಲಿ ಯಾಕೆ ನಡೀತಿದ್ರಿ? ಓಡೋ ಜನರ ಹತ್ತಿರ ಕಾರು ಇದೆ ಅಂದಾಗಲೇ ನಮ್ಮೂರಲ್ಲ ಅಂತ ನಿನಗೆ ಹೊಳೀಬೇಕಿತ್ತು.

ಹಾಗಂತ ಭಯ ಇಲ್ಲ ಅಂತಲ್ಲ. ಸಂಕ್ರಾಂತಿಗೆ ಮುಂಚೆಯೇ ಬಾದೆಹುಲ್ಲು ಒಣಗಿ ನಿಂತಿದೆ, ಆಳುದ್ದ. ವರ್ಷಾ ವರ್ಷಾ ಎಲ್ಲೋ ಒಂದು ಕಡೆ ಉರಿದು ತಾನೇ ಆರುತ್ತಿತ್ತು. ಈಗ ಬೆಟ್ಟದ ಬುಡಕ್ಕೆ ಗೋಡೌನುಗಳು ಬಂದಿವೆ. ಕೊನೇದರಲ್ಲಿ ಬಣ್ಣಕ್ಕೆ ಹಾಕೋ ಥಿನ್ನರ್ ಡ್ರಮ್ಮು ಸಾಲಾಗಿ ಪೇರಿಸಿದ್ದಾರೆ. ಬೆಂಕಿ ಅಲ್ಲಿಗೆ ಇಳಿದರೆ ಉಸಿರಾಡೋಕೆ ಗಾಳಿ ಇರಲ್ಲ. ಹೋದ ತಿಂಗಳು ಪಂಚಾಯ್ತಿ ಆಫೀಸಿನಲ್ಲಿ ಮೀಟಿಂಗು ಮಾಡಿದರು. ಬೆಟ್ಟ ಹತ್ತಿಕೊಂಡರೆ ಎಲ್ಲರೂ ಮನೆ ಬಿಟ್ಟು ಹೈವೇ ಪಕ್ಕದ ಹೈಸ್ಕೂಲಿಗೆ ಹೋಗಬೇಕಂತೆ. ಸುದ್ದಿ ಫೋನಿಗೆ ಬರುತ್ತಂತೆ, 'ನಮ್ಮೂರು ಸುದ್ದಿ' ಅನ್ನೋ ವಾಟ್ಸಾಪ್ ಗ್ರೂಪಿಗೆ.

ನಮ್ಮ ಕಾಲೋನಿಯ ಮೂವತ್ತೆರಡು ಮನೆಯಲ್ಲಿ ಒಂದು ನಂಬರೂ ಆ ಗ್ರೂಪಿನಲ್ಲಿಲ್ಲ. ಗ್ರೂಪು ನಡೆಸೋನು ಮೇಲಿನ ಬೀದಿಯ ಹರಿಪ್ರಸಾದ. ಹೋಗಿ ಕೇಳಿದೆ. "ಗ್ರೂಪ್ ಫುಲ್ ಆಗಿದೆ ಮುನಿರಾಜಣ್ಣ" ಅಂದ. "ಅದೇನು ನೆಲಮಂಗಲದ ಬಸ್ಸಾ ಫುಲ್ ಆಗೋಕೆ? ನಿಂತ್ಕೊಂಡು ಬರ್ತೀವಿ ಹತ್ತಿಸ್ಕೊ" ಅಂದೆ. ನಕ್ಕ. ಸೇರಿಸಲಿಲ್ಲ.

ಪಿಳ್ಳಪ್ಪ ಹೇಗಿದ್ದಾನೆ? ನಿನ್ನ ಗಂಡನ ಜೊತೆ ನನಗೆ ಜಗಳ ಇಲ್ಲ. ಕೇಳಿದೆ ಅಂತ ಹೇಳು.

ಮುನಿರಾಜ್


ವಿಜಯಪುರ
22 ಫೆಬ್ರವರಿ 2025

ಮುನಿರಾಜಣ್ಣನಿಗೆ,

ಮೀಟಿಂಗು, ಗ್ರೂಪು, ಜಗಳ. ನೀನು ಬದಲಾಗಿಲ್ಲ.

ಒಂದು ಮಾತು ನೆನಪಿದೆಯಾ? ಕೆರೆ ಕೋಡಿ ಒಡೆದ ವರ್ಷ ಅಪ್ಪ ತಮಟೆ ಬಡೀತಾ ಮೇಲಿನ ಬೀದಿಯಿಂದ ಕೆಳಗಿನವರೆಗೂ ಓಡಿದ. ಒಂದು ಕೋಳಿ ಸಾಯಲಿಲ್ಲ. ಆ ತಮಟೆಯನ್ನ ನೀನು ಎಂಬತ್ತಾರನೇ ಇಸವಿಯಲ್ಲಿ ನೆಲಮಂಗಲದ ಸಂಘದ ಸಭೆಯಲ್ಲಿ ಬೆಂಕಿಗೆ ಹಾಕಿದೆ. ಇನ್ನು ಮುಂದೆ ನಮ್ಮ ಕೈ ಯಾರ ಸಾವಿಗೂ ಬಡಿಯಲ್ಲ ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಹದಿನಾಲ್ಕು ವರ್ಷದವಳು ನಾನೂ ಹೊಡೆದೆ. ಅದಕ್ಕೆ ನನ್ನ ತಕರಾರಿಲ್ಲ, ಇವತ್ತಿಗೂ ಇಲ್ಲ.

ನನ್ನ ತಕರಾರು ಅವ್ವಂದು. "ನನ್ನ ಸದ್ದಿಲ್ಲದೆ ಕಳಿಸಬೇಡ್ರಿ ಕಣವ್ವಾ" ಅಂತ ನನ್ನ ಕೈ ಹಿಡಿದು ಹೇಳಿದ್ದಳು. ನಮ್ಮ ಮನೆಯದು ಸುಟ್ಟಿದೆ, ಪಕ್ಕದ ಊರಿಂದಾದರೂ ಒಂದು ತರಿಸು ಅಂತ ನಿನ್ನ ಕಾಲು ಹಿಡಿದೆ. ನೀನು ಪ್ರತಿಜ್ಞೆ ಅಂದೆ. ಊರಿಗೆ ಬಡಿಯೋದು ಬಿಟ್ಟಿ ಚಾಕರಿ, ಒಪ್ಪಿದೆ. ಹೆತ್ತವಳಿಗೆ ಬಡಿಯೋದು ಯಾವ ಚಾಕರಿ? ಹೆಣ ಎತ್ತಿದಾಗ ನಮ್ಮ ಚಪ್ಪಲಿ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕಳ್ಳರ ಹಾಗೆ ಹೋದೆವು.

ಬೆಂಕಿ ಬಿದ್ದರೆ ನಿನಗೆ ಯಾರು ಹೇಳ್ತಾರೆ? ಅದನ್ನ ಬರಿ.

ಅಶ್ವತ್ಥಮ್ಮ


ಕೋಡಿಗಲ್ಲುಪಾಳ್ಯ
3 ಮಾರ್ಚ್ 2025

ಅಶ್ವತ್ಥಮ್ಮಾ,

ಅಪ್ಪ ಈ ಊರಿನ ಎಷ್ಟು ಸಾವಿಗೆ ಬಡಿದ ಅಂತ ಲೆಕ್ಕ ಇಟ್ಟವರಿಲ್ಲ. ಜ್ವರ ಇದ್ದಾಗಲೂ ಎಬ್ಬಿಸಿಕೊಂಡು ಹೋದರು. ಅವನು ಸತ್ತ ದಿನ ಮೇಲಿನ ಬೀದಿಯಿಂದ ಒಂದು ನರಪಿಳ್ಳೆ ಬರಲಿಲ್ಲ. ಹೆಣ ಹೋಗುವಾಗ ಬಾಗಿಲು ಹಾಕಿಕೊಂಡರು. ಅದನ್ನ ನೋಡಿದವನು ನಾನು. ತಮಟೆ ವಿಷಯ ಬಿಡು. ಸುಟ್ಟದ್ದು ಸುಟ್ಟಾಯ್ತು.

ನಮಗೆ ಯಾರು ಹೇಳ್ತಾರೆ ಅಂತ ಕೇಳಿದೆ. ಮೊನ್ನೆ ಪಂಚಾಯ್ತಿ ಆಟೋ ಮೈಕು ಕಟ್ಟಿಕೊಂಡು ಬಂತು, ಬೆಂಕಿ ಬಂದರೆ ಏನು ಮಾಡಬೇಕು ಅಂತ ಸಾರೋಕೆ. ಅರಳಿಕಟ್ಟೆವರೆಗೂ ಬಂದು ತಿರುಗಿತು. ಅಡ್ಡ ನಿಂತೆ. "ಕಾಲೋನಿಗೂ ಬಾರಪ್ಪಾ, ಅಲ್ಲೂ ಮನುಷ್ಯರಿದ್ದಾರೆ" ಅಂದೆ. "ಕಟ್ಟೆವರೆಗೆ ಅಂತಾನೇ ಗುರು ನನಗೆ ಹೇಳಿರೋದು" ಅಂದ. ಅವನನ್ನ ಬೈದು ಏನು ಉಪಯೋಗ, ಅವನೂ ಕೂಲಿಯವನೇ. ಕಾಲೋನಿಗೆ ಒಂದು ಸೈರನ್ ಹಾಕಿಸಿ ಅಂತ ಅರ್ಜಿ ಕೊಟ್ಟೆ. ಪರಿಶೀಲನೆಯಲ್ಲಿದೆಯಂತೆ.

ನಿಮ್ಮ ವಿಡಿಯೋ ಬೆಂಕಿ ವಿಜಯಪುರಕ್ಕೆ ಒಂದೇ ದಿನದಲ್ಲಿ ತಲುಪಿತು ನೋಡು. ನಮ್ಮ ಬೆಟ್ಟದ ನಿಜದ ಬೆಂಕಿ ಕಟ್ಟೆಯಿಂದ ಕಾಲೋನಿಗೆ ತಲುಪಲ್ಲ.

ಪಿಳ್ಳಪ್ಪನ ಬಗ್ಗೆ ಒಂದಕ್ಷರ ಬರೆದಿಲ್ಲ. ಕೋಪ ಮಾಡಿಕೊಂಡಿದ್ದಾನಾ? ಅವನ ಕೈಲಿ ಎರಡು ಸಾಲು ಬರೆಸು.

ಮುನಿರಾಜ್


ವಿಜಯಪುರ
10 ಮಾರ್ಚ್ 2025

ಮುನಿರಾಜಣ್ಣ,

ಬಿಸಿಲು ಮಿತಿಮೀರಿದೆ. ಇಲ್ಲಿಗೆ ಬಂದುಬಿಡು, ಮಳೆ ಬೀಳೋವರೆಗೆ. ಒಂದೇ ರೂಮು, ಆದರೆ ಒಂದು ತಟ್ಟೆ ಒಂದು ಚಾಪೆ ಜಾಸ್ತಿಯೇ ಇದೆ. ನಾನು ಮಾತಾಡಲ್ಲ. ಅನ್ನ ಹಾಕ್ತೀನಿ.

ಅಶ್ವತ್ಥಮ್ಮ


ಸರ್ಕಾರಿ ಹೈಸ್ಕೂಲು, ವರಾಂಡ
19 ಮಾರ್ಚ್ 2025

ಅಶ್ವತ್ಥೀ,

ಮೊನ್ನೆ ಭಾನುವಾರ ಬೆಟ್ಟ ಹತ್ತಿಕೊಂಡಿತು. ಯಾರೂ ಸತ್ತಿಲ್ಲ. ಅದನ್ನ ಮೊದಲೇ ಬರೆದುಬಿಡ್ತೀನಿ, ಯಾಕಂದರೆ ಮುಂದಿನದನ್ನ ಓದುವಾಗ ನೀನು ಕಾಗದ ಹರಿದು ಹಾಕಬಹುದು.

ಮಧ್ಯಾಹ್ನ ಒಂದೂವರೆ. ಬೆಟ್ಟದ ಹಿಂದಿನಿಂದ ಬಿಳಿ ಹೊಗೆ ಎದ್ದಿತು. ಅದು ಬಾದೆಹುಲ್ಲಿನದು, ನಮಗೆ ಹೊಸದಲ್ಲ. ಹತ್ತು ನಿಮಿಷಕ್ಕೆ ಕರ್ರಗಾಯಿತು. ನೀಲಗಿರಿ ತೋಪಿಗೆ ಇಳಿದಿದೆ ಅಂತ ತಿಳಿಯಿತು. ತೋಪು ದಾಟಿದರೆ ಒಂದು ಕಡೆ ಡ್ರಮ್ಮಿನ ಗೋಡೌನು, ಇನ್ನೊಂದು ಕಡೆ ನಾವು, ನಮ್ಮ ಆಚೆ ಊರು. ಕರೆಂಟು ಹೋಯಿತು, ಹಿಂದೆಯೇ ಫೋನಿನ ಸಿಗ್ನಲ್ಲೂ ಹೋಯಿತು. ಎಲ್ಲರೂ ಹೈಸ್ಕೂಲಿಗೆ ಹೊರಡಿ ಅಂತ ಹರಿಪ್ರಸಾದ ಗ್ರೂಪಿಗೆ ಹಾಕಿದ್ದನಂತೆ. ಒಂದು ಫೋನಿಗೂ ತಲುಪಲಿಲ್ಲ. ಅದೊಂದು ದಿನ ಮೇಲಿನ ಬೀದಿಯೂ ಕಾಲೋನಿಯೂ ಸಮ. ಭಾನುವಾರದ ಊಟ ಮಾಡಿ ಊರಿಗೆ ಊರೇ ಮಲಗಿತ್ತು.

ಕೂಗಿದೆ. ಅರವತ್ತರ ಗಂಟಲು, ಮೂರು ಮನೆ ದಾಟಲಿಲ್ಲ. ಪಕ್ಕದ ಮನೆ ಹನುಮಂತರಾಯಪ್ಪ, ಸೊಂಟ ಬಿದ್ದು ಮಂಚ ಹಿಡಿದಿದ್ದಾನಲ್ಲ, "ಯಾಕ್ಲಾ ಕಿರುಚ್ತೀಯ, ವರ್ಷಾ ವರ್ಷಾ ಇದ್ದದ್ದೇ, ಮಲಕ್ಕೊ" ಅಂದ.

ಆಮೇಲೆ ನಾನು ಅಟ್ಟ ಹತ್ತಿದೆ.

ಅಶ್ವತ್ಥೀ, ಅಪ್ಪನ ತಮಟೆ ಸುಟ್ಟಿರಲಿಲ್ಲ. ನೆಲಮಂಗಲದಲ್ಲಿ ಬೆಂಕಿಗೆ ಹಾಕಿದ್ದು ಹಿತ್ತಲಲ್ಲಿ ಬಿದ್ದಿದ್ದ ಬೇರೆ ಒಂದು, ಚರ್ಮ ಹರಿದದ್ದು. ಅಪ್ಪಂದನ್ನ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೂಲೆಗೆ ತಳ್ಳಿದ್ದೆ. ವರ್ಷಕ್ಕೊಂದು ಸಲ ಇಳಿಸಿ ಹರಳೆಣ್ಣೆ ಸವರಿ ಮತ್ತೆ ಅಲ್ಲೇ ಇಡುತ್ತಿದ್ದೆ. ಮೂವತ್ತೊಂಬತ್ತು ವರ್ಷ. ಸಭೆಯಲ್ಲಿ ಸುಟ್ಟೆ ಅಂತ ಭಾಷಣ ಮಾಡಿದವನು ಮನೆಯಲ್ಲಿ ಎಣ್ಣೆ ಹಚ್ಚುತ್ತಿದ್ದೆ. ಯಾಕೆ ಅಂತ ನನಗೂ ಗೊತ್ತಿಲ್ಲ. ಅವ್ವನನ್ನ ಮಲಗಿಸಿದ್ದು ಆ ಅಟ್ಟದ ಕೆಳಗೇ. ನೀನು ನನ್ನ ಕಾಲು ಹಿಡಿದದ್ದೂ ಅಲ್ಲೇ. ಇಳಿಸಿದ್ದರೆ ನಾನು ಸುಳ್ಳುಗಾರ ಅಂತ ಊರಿಗೆ ಗೊತ್ತಾಗುತ್ತಿತ್ತು. ಪ್ರತಿಜ್ಞೆ ಅಂದೆನಲ್ಲ, ಅದು ಪ್ರತಿಜ್ಞೆ ಅಲ್ಲ. ಮರ್ಯಾದೆ.

ಬಡಿಯೋ ಮುಂಚೆ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಬೇಕು. ಅವತ್ತು ಬೆಂಕಿ ಹುಡುಕಬೇಕಾಗಿರಲಿಲ್ಲ, ಗಾಳಿಯೇ ಕಾದಿತ್ತು. ನನಗೆ ಬರುತ್ತಿದ್ದದ್ದು ಸಾವಿನ ಬಡಿತ ಒಂದೇ. ಉಳಿದದ್ದನ್ನ ಅಪ್ಪ ಕಲಿಸೋಕೆ ಬಂದಾಗಲೆಲ್ಲ ಪುಸ್ತಕ ಹಿಡಿದು ಓಡಿದ್ದೆ. ಅದನ್ನೇ ಬಡಿದೆ.

ಕಾಲೋನಿ ಎದ್ದಿತು. ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು "ಯಾರು ಹೋದ್ರು, ಯಾರು ಹೋದ್ರು" ಅಂತ ಆಚೆ ಬಂದರು. ಎಲ್ಲರೂ ಹನುಮಂತರಾಯಪ್ಪನ ಮನೆ ಕಡೆ ನೋಡಿದರು. ಅವನು ಒಳಗಿಂದ, "ನಾನು ಇನ್ನೂ ಇದ್ದೀನಿ ಕಣ್ರಯ್ಯಾ, ಯಾವನಿಗೆ ಅವಸರ" ಅಂತ ಕೂಗಿದ. ಬೆಟ್ಟ ತೋರಿಸಿದೆ. ಅರ್ಥ ಆಯಿತು. ನಾಲ್ಕು ಜನ ಅವನನ್ನ ಮಂಚದ ಸಮೇತ ಹೆಗಲಿಗೆ ಏರಿಸಿಕೊಂಡು ಹೈಸ್ಕೂಲಿನ ದಾರಿ ಹಿಡಿದರು.

ಬಡೀತಾ ಮೇಲಿನ ಬೀದಿಗೆ ಬಂದೆ. ಅಲ್ಲಿ ಪಟಪಟ ಅಂತ ಬಾಗಿಲು ಹಾಕಿಕೊಂಡರು. ಕಿಟಕಿ ಕೂಡ. ಕಾಲೋನಿ ಹೆಣ ಬೀದಿ ದಾಟೋವರೆಗೂ ತೆಗೆಯಬಾರದಲ್ಲ, ಅವರ ಪದ್ಧತಿ. ತಮಟೆ ನಿಂತು ಮೂವತ್ತೊಂಬತ್ತು ವರ್ಷ ಆದರೂ ಅದೊಂದನ್ನ ಮರೆತಿರಲಿಲ್ಲ. ನಾನು ಜೋರಾಗಿ ಬಡಿದಷ್ಟೂ ಅವರು ಚಿಲಕ ಭದ್ರ ಮಾಡಿಕೊಂಡರು. ಬೆನ್ನ ಹಿಂದೆ ಬೆಂಕಿ, ಮುಂದೆ ಮುಚ್ಚಿದ ಬಾಗಿಲು.

ನಿನಗೆ ಸುಳ್ಳು ಹೇಳೋದು ಇವತ್ತಿಗೆ ಸಾಕು. ಒಂದು ಗಳಿಗೆ ನಿಂತೆ. ಅಪ್ಪ ಹೋದಾಗ ಮುಚ್ಚಿದ ಬಾಗಿಲುಗಳೇ ಇವು, ಇರಲಿ ಒಳಗೇ ಅಂತ ಕಾಲು ತಿರುಗಿಸಿದೆ. ಮೂಲೆ ಮನೆಯೊಳಗೆ ಅಮ್ಮಯಮ್ಮ ಕೆಮ್ಮಿದಳು. ಹೊಗೆ ಒಳಗೆ ಹೋಗಿದೆ ಅಂತ ಆಯಿತು. ತಮಟೆ ಕೋಲಿನಲ್ಲೇ ಅವಳ ಬಾಗಿಲು ಗುದ್ದಿದೆ.

"ಯಾರ್ಲಾ ಸತ್ತಿದ್ದು?" ಅಂದಳು.

"ಯಾರೂ ಇಲ್ಲ. ಬಾಗ್ಲು ತೆಗೀದಿದ್ರೆ ನೀನೇ ಮೊದಲು."

"ತಮಟೆ ಹಿಡ್ಕೊಂಡು ಬಾಗ್ಲು ಮುಟ್ಟಿದ್ಯಲ್ಲೋ."

"ಮುಟ್ಟಿದೆ. ಆಚೆ ಬಾ, ಆಮೇಲೆ ತೊಳ್ಕೊಳ್ಳೀವಂತೆ."

ಹಾಗೆ ನಲವತ್ತೊಂದು ಬಾಗಿಲು. ಹುಟ್ಟಿದಾಗಿಂದ ಒಂದನ್ನೂ ಮುಟ್ಟಿರಲಿಲ್ಲ, ಒಂದೇ ಮಧ್ಯಾಹ್ನ ಅಷ್ಟನ್ನೂ ಗುದ್ದಿದೆ. ಮೂರು ಗಂಟೆಗೆ ಡ್ರಮ್ಮುಗಳು ಸಿಡಿದವು. ಅಷ್ಟರಲ್ಲಿ ಊರು ಖಾಲಿ. ಕಾಲೋನಿಯಲ್ಲಿ ಆರು ಮನೆ ಹೋದವು, ನಮ್ಮದೂ ಸೇರಿ. ಅಟ್ಟವೂ ಇಲ್ಲ ಈಗ. ಸ್ಕೂಲಿನ ಕೊಠಡಿಗಳಲ್ಲಿ ಅವರು, ವರಾಂಡದಲ್ಲಿ ನಾವು.

ಬೈದಾದರೂ ಬರಿ.

ನಿನ್ನ ಅಣ್ಣ
ಮುನಿರಾಜ


ಕೋಡಿಗಲ್ಲುಪಾಳ್ಯ
3 ಏಪ್ರಿಲ್ 2025

ಅಶ್ವತ್ಥೀ,

ಹದಿನೈದು ದಿನ ಆಯಿತು. ಹೈಸ್ಕೂಲಿನ ಹೆಸರು ನೋಡಿ ಅಂಚೆಯವನು ನಿನ್ನ ಉತ್ತರ ಅಲ್ಲಿಗೇ ಹಾಕಿದನೇನೋ ಅಂತ ಹೋಗಿ ಕೇಳಿ ಬಂದೆ. ಇಲ್ಲವಂತೆ.

ಯುಗಾದಿ ಮಾರನೇ ದಿನ ಪಂಚಾಯ್ತಿಯವರು ನನಗೆ ಶಾಲು ಹೊದಿಸಿದರು. ಹರಿಪ್ರಸಾದ ಫೋಟೋ ತೆಗೆದು ಗ್ರೂಪಿಗೆ ಹಾಕಿದ. ನನ್ನ ಫೋಟೋ ಗ್ರೂಪಿನಲ್ಲಿದೆಯಂತೆ. ನಾನಿಲ್ಲ.

ಆಮೇಲೆ ಠರಾವು ಓದಿದರು. ಬೆಟ್ಟದ ಬೆಂಕಿಯ ಬಗ್ಗೆ ಗ್ರಾಮಸ್ಥರಿಗೆ ತಮಟೆಯ ಮೂಲಕ ತಿಳಿಸುವ ಜವಾಬ್ದಾರಿಯನ್ನು ಕಾಲೋನಿಯ ಮುನಿರಾಜ್ ಅವರಿಗೆ ವಹಿಸಲಾಗಿದೆ, ಆದ್ದರಿಂದ ಸೈರನ್ ಅಗತ್ಯ ಕಂಡುಬರುವುದಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಕಾಲೋನಿಯವರೂ ಹೊಡೆದರು.

ಒಂದು ಮಧ್ಯಾಹ್ನ ನಾನಾಗಿ ಬಡಿದೆ. ಹದಿನೈದು ದಿನದಲ್ಲಿ ಅದು ಚಾಕರಿ ಆಯಿತು. ಅಪ್ಪನನ್ನ ಮಣ್ಣಿನಿಂದ ಎಬ್ಬಿಸಿ ಶಾಲು ಹೊದಿಸಿ ಮತ್ತೆ ಕೆಲಸಕ್ಕೆ ಹಚ್ಚಿದ ಹಾಗಿತ್ತು. ಶಾಲು ತೆಗೆದು ಕುರ್ಚಿ ಮೇಲಿಟ್ಟು ಬಂದೆ. ಆದರೆ ಬಡಿಯಲ್ಲ ಅಂದರೆ ನಾಳೆ ಯಾರೋ ಒಳಗೇ ಸಾಯ್ತಾರೆ. ಬಡೀತೀನಿ ಅಂದರೆ ನನ್ನ ಆಮೇಲೆ ಕಾಲೋನಿಯ ಇನ್ನೊಬ್ಬನ ಕೊರಳಿಗೆ ಬೀಳುತ್ತೆ. ಇದನ್ನ ಯಾರ ಹತ್ತಿರ ಕೂತು ಮಾತಾಡಲಿ? ಸಂಘದ ಗೆಳೆಯರಲ್ಲಿ ಅರ್ಧ ಸತ್ತರು, ಉಳಿದವರಿಗೆ ನಾನು ತಮಟೆ ಸುಟ್ಟವನು.

ಒಂದು ತಟ್ಟೆ ಜಾಸ್ತಿ ಇದೆ ಅಂದಿದ್ದೆ. ಪಿಳ್ಳಪ್ಪ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾನಾ? ಸುಟ್ಟ ಮನೆಯ ಮೇಲೆ ಟಾರ್ಪಾಲು ಕಟ್ಟಿಕೊಂಡು ಇದ್ದೀನಿ. ಬಾ ಅಂತ ನೀನು ಕರೆದದ್ದು ಆ ಸುಳ್ಳು ತಿಳಿಯೋ ಮುಂಚೆ. ಈಗಲೂ ಅದು ಇದೆಯಾ ಅಂತ ಕೇಳೋಕೆ ಬಾಯಿಲ್ಲ.

ಮುನಿರಾಜ


ಕೋಡಿಗಲ್ಲುಪಾಳ್ಯ
15 ಏಪ್ರಿಲ್ 2025

ಅಶ್ವತ್ಥೀ,

ನಿನ್ನೆ ಹದಿನಾಲ್ಕನೇ ತಾರೀಕು. ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ, ತಮಟೆ ತೆಗೆದುಕೊಂಡು ಹೋಗಿ ಅರಳಿಕಟ್ಟೆಯ ಕಂಬಕ್ಕೆ ಮೊಳೆ ಹೊಡೆದು ನೇತುಹಾಕಿದೆ. "ಬೆಟ್ಟ ಎಲ್ಲರ ಕಣ್ಣಿಗೂ ಕಾಣ್ತದೆ. ಯಾರಿಗೆ ಹೊಗೆ ಮೊದಲು ಕಾಣ್ತದೋ ಅವರು ಬಡೀಲಿ. ಕೈ ಕೊಳೆ ಆಯ್ತು ಅನ್ನೋರಿಗೆ ಪಕ್ಕದಲ್ಲೇ ನಲ್ಲಿ ಇದೆ" ಅಂದೆ. ಇವತ್ತು ಸಂಜೆವರೆಗೂ ಯಾರೂ ಮುಟ್ಟಿಲ್ಲ. ಕಟ್ಟೆ ಮೇಲೆ ಕೂರುವವರು ಎರಡು ಮಾರು ಸರಿದು ಕೂರ್ತಿದ್ದಾರೆ.

ನನಗೆ ಈಗ ಯಾವ ಸುದ್ದಿಯೂ ಬರಲ್ಲ. ಗ್ರೂಪಿಂದೂ ಇಲ್ಲ, ನಿನ್ನದೂ ಇಲ್ಲ. ದಿನಾ ಅಂಚೆಯವನ ಸೈಕಲ್ಲು ನೋಡ್ತೀನಿ. ಅವನೂ ಕಟ್ಟೆ ಹತ್ತಿರ ತಿರುಗಿಬಿಡ್ತಾನೆ.

ಮುನಿರಾಜ


ವಿಜಯಪುರ
28 ಏಪ್ರಿಲ್ 2025

ಅಣ್ಣ,

ನಿನ್ನ ಮೂರು ಕಾಗದವೂ ಬಂದಿವೆ. ಹರಿದು ಹಾಕಿಲ್ಲ.

ಬೆಂಕಿಯ ಕಾಗದವನ್ನ ಭಾನುಪ್ರಿಯಾ ಕೂಡ ಓದಿದಳು. "ನಿಮ್ಮಣ್ಣ ಒಂದೂರನ್ನೇ ಉಳಿಸಿದ್ರಲ್ಲಕ್ಕ" ಅಂದಳು. ನನಗೆ ಕಂಡದ್ದು ಆ ಅಟ್ಟ ಒಂದೇ. ಅವ್ವನ ಕಣ್ಣು ಮೇಲಕ್ಕೆ ತೆರೆದೇ ಇತ್ತು. ಮುಚ್ಚಿದವಳು ನಾನು. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ.

ನೀನು ಮುಚ್ಚಿಟ್ಟದ್ದು ಬರೆದೆ. ನನ್ನದನ್ನೂ ಬರೀತೀನಿ. ನಮ್ಮನೆಯವರು ಹೋಗಿ ಎರಡು ವರ್ಷ ದಾಟಿತು. ಎದೆ ಹಿಡ್ಕೊಂತು ಅಂದರು, ಆಸ್ಪತ್ರೆ ಮೆಟ್ಟಿಲ ಮೇಲೆ ಹೋದರು. ನಿನಗೆ ಬೇಕಂತಲೇ ಹೇಳಿ ಕಳಿಸಲಿಲ್ಲ. ಸದ್ದಿಲ್ಲದ ಸಾವು ಹೇಗಿರುತ್ತೆ ಅಂತ ನಿನಗೂ ಗೊತ್ತಾಗಲಿ ಅಂದುಕೊಂಡೆ. ಹೇಳದೇ ಇದ್ದರೆ ನಿನಗೆ ಗೊತ್ತಾಗೋದಾದರೂ ಹೇಗೆ, ಅಷ್ಟೂ ಹೊಳೆಯಲಿಲ್ಲ ನನಗೆ. ಎರಡು ವರ್ಷ ನಾನೊಬ್ಬಳೇ ಅದನ್ನ ಕೇಳಿಸಿಕೊಂಡೆ. ಪಿಳ್ಳಪ್ಪ ಹೇಗಿದ್ದಾನೆ, ಪಿಳ್ಳಪ್ಪ ಹೇಗಿದ್ದಾನೆ ಅಂತ ನೀನು ಬರೆದಾಗಲೆಲ್ಲ ಕಾಗದ ಮಡಿಸಿ ಇಟ್ಟುಬಿಡ್ತಿದ್ದೆ.

ನಿನ್ನೆ ಭಾನುವಾರ ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಊರಿಗೆ ಬಂದೆ. ನಿನಗೆ ಗೊತ್ತು, ಆದರೂ ಬರೀತೀನಿ. ಕಟ್ಟೆ ಹತ್ತಿರ ತಮಟೆ ಇಳಿಸುವಾಗ ಅಮ್ಮಯಮ್ಮ ಕೂತಿದ್ದಳು. "ಯಾರಮ್ಮ ನೀನು, ಅದು ಬೆಂಕಿಗೆ ಅಂತ ಇಟ್ಟಿರೋದು" ಅಂದಳು. "ಅದಕ್ಕೂ ಮುಂಚೆ ಇದು ನಮ್ಮಪ್ಪಂದು" ಅಂದೆ. ಅವ್ವನ ಮಣ್ಣಿನ ಹತ್ತಿರ ಹೋಗಿ ನಾಲ್ಕು ಕಡ್ಡಿ ಹಚ್ಚಿ ಚರ್ಮ ಕಾಸಿದೆ. ಕಾದ ಮೇಲೆ ಕೆಂಡವನ್ನ ಚಪ್ಪಲಿಯಲ್ಲಿ ಹೊಸಕಿ ನೀರು ಹಾಕಿದೆ, ನಿಮ್ಮ ಬೆಟ್ಟಕ್ಕೆ ನನ್ನಿಂದ ತೊಂದರೆ ಬೇಡ. ಹೆಣ್ಣುಮಕ್ಕಳು ಮುಟ್ಟಬಾರದು ಅಂತ ಅಪ್ಪ ನನ್ನ ಕೈಗೆ ಕೋಲು ಕೊಡುತ್ತಿರಲಿಲ್ಲ. ಅವನ ಹಿಂದೆ ಹಿಂದೆ ನಡೆದು ಕೇಳಿದ್ದೆ, ಅಷ್ಟೇ. ನಿನ್ನ ಹಾಗೆಯೇ ನನಗೂ ಅದೊಂದೇ ಬರೋದು. ಅವ್ವನಿಗೆ ಬಡಿದೆ. ಆಮೇಲೆ ನಮ್ಮನೆಯವರಿಗೆ ಬಡಿದೆ.

ಈ ಸಲ ಮೇಲಿನ ಬೀದಿಯವರು ಬಾಗಿಲು ಹಾಕಲಿಲ್ಲ. ಎಲ್ಲರೂ ಆಚೆ ಬಂದು ಬೆಟ್ಟ ನೋಡಿದರು. ಹೊಗೆ ಇರಲಿಲ್ಲ. ಹರಿಪ್ರಸಾದನೇ ಇರಬೇಕು, ಓಡಿ ಬಂದು ಯಾರು ಸತ್ತರು ಅಂತ ಕೇಳಿದ. ನಮ್ಮವ್ವ ಅಂದೆ. ಯಾವಾಗ ಅಂದ. ಒಂಬತ್ತು ವರ್ಷ ಆಯ್ತು ಅಂದೆ. ನಾನು ಮುಗಿಸೋವರೆಗೂ ನಿಂತೇ ಇದ್ದ.

ನೀನು ಹೊಂಗೆಮರದ ಹಿಂದೆ ಇದ್ದೆ. ನೋಡಿದೆ. ಕೂದಲು ಪೂರಾ ಬೆಳ್ಳಗಾಗಿದೆ. ನಿನ್ನ ಬೆರಳು ತೊಡೆಯ ಮೇಲೆ ನನ್ನ ಜೊತೆಯೇ ಬಡೀತಿತ್ತು. ನಮ್ಮನೆಯವರ ಹೆಸರು ಹೇಳಿ ಎರಡನೇ ಸಲ ಶುರು ಮಾಡಿದಾಗ ನಿನ್ನ ಕೈ ನಿಂತಿತು. ನೀನು ನಾಲ್ಕು ಹೆಜ್ಜೆ ಮುಂದೆ ಬಂದೆ. ನಾನು ತಮಟೆಯನ್ನ ಕಟ್ಟೆಯ ಮೊಳೆಗೆ ಹಾಕಿ ಚೀಲ ಎತ್ತಿಕೊಂಡು ಬಸ್ಸಿಗೆ ಹೋದೆ. ಮಾತಾಡಲ್ಲ ಅಂತ ಅದೇ ಮಣ್ಣಿನ ಮೇಲೆ ಹೇಳಿದವಳು ನಾನು. ಅದನ್ನ ಅಲ್ಲೇ ಮುರಿಯೋಕೆ ಆಗಲಿಲ್ಲ.

ತಟ್ಟೆ ಚಾಪೆ ಹಾಗೇ ಇವೆ. ಕೆಳಗೆ ನನ್ನ ಫೋನ್ ನಂಬರು ಬರೆದಿದ್ದೀನಿ, ನಿನ್ನ ಹತ್ತಿರ ಇಲ್ಲ. ಬೆಟ್ಟ ಹತ್ತಿಕೊಂಡರೆ ಮಾಡು. ಹತ್ತಿಕೊಳ್ಳದಿದ್ದರೂ ಮಾಡು. ಎಂಟು ಗಂಟೆ ಮೇಲೆ ಮನೆಯಲ್ಲಿರ್ತೀನಿ.

ಎತ್ತುತ್ತೀನಿ. ನಾನು ಮಾತಾಡಲ್ಲ. ನೀನು ಮಾತಾಡು.

ಅಶ್ವತ್ಥಿ